ಅಡಿಗೆಮನೆಯ ಜೀರ್ಣೋದ್ಧಾರ



ದೇವಾಲಯವು ಹಳತಾದಾಗ ಅದನ್ನು ಸರಿಪಡಿಸುವ ಕಾರ್ಯಕ್ಕೆ ಜೀರ್ಣೋದ್ಧಾರವೆಂದು ಹೆಸರು. ಆ ಕಾರ್ಯಕ್ಕೆ ಕೈಹಾಕುವವರು ಯಾವ ಕಂಬ ಗಟ್ಟಿ, ಯಾವ ತೊಲೆ ಶಿಥಿಲ, ನೀರು ಎಲ್ಲಿಂದ ಇಳಿಯುತ್ತದೆ ಎಂಬುದನ್ನು ಮೊದಲು ಪರೀಕ್ಷಿಸಿ, ಗಟ್ಟಿಯಾದುದನ್ನು ಉಳಿಸಿಕೊಂಡು, ಕೆಟ್ಟುದನ್ನು ಮಾತ್ರ ತೆಗೆಯುವುದು ಪದ್ಧತಿ. ನಮ್ಮ ಅಡಿಗೆಮನೆಗಳನ್ನು ಹೊಸದು ಮಾಡುವಾಗ ಈ ವಿವೇಚನೆಯು ಅಪೂರ್ವವಾಗಿ ಮಾತ್ರ ಕಾಣಬರುತ್ತದೆ. ಹಳೆಯದೆಂಬ ಒಂದೇ ಕಾರಣಕ್ಕೆ ಎಲ್ಲವನ್ನೂ ಒಡೆಯುತ್ತೇವೆ. ಹೊಸದೆಂಬ ಒಂದೇ ಕಾರಣಕ್ಕೆ ಸಿಕ್ಕಿದುದನ್ನೆಲ್ಲ ತಂದು ತುಂಬುತ್ತೇವೆ. ಹತ್ತು ವರ್ಷ ತುಂಬುವುದರೊಳಗೆ ಅದನ್ನೂ ಒಡೆಯಬೇಕಾಗಿ ಬರುತ್ತದೆ. ಬಹುಕಾಲ ಬಾಳತಕ್ಕ, ಪ್ರಕೃತಿಯಲ್ಲಿಯೇ ದೊರೆಯುವ ಸಾಮಗ್ರಿಗಳಿಂದ ಅಡಿಗೆಮನೆಯನ್ನು ಸರಿಪಡಿಸುವುದು ಹೇಗೆ ಎಂಬ ವಿಷಯವಾಗಿ ನಾಲ್ಕು ಮಾತುಗಳನ್ನು ಅರಿಕೆಮಾಡಬೇಕೆಂದು ನಮ್ಮ ಉದ್ದೇಶ.

ಮಾತು ಬರಿಯ ಉಪದೇಶವಾಗದಿರಲೆಂದು ಒಂದು ಊರನ್ನು ಕಣ್ಣ ಮುಂದೆ ಇಟ್ಟುಕೊಳ್ಳೋಣ. ಬೆಂಗಳೂರಿನ ಉತ್ತರಕ್ಕೆ, ಗೌರಿಬಿದನೂರು ತಾಲ್ಲೂಕಿನಲ್ಲಿ ಅಲೀಪುರವೆಂಬ ಊರಿದೆ. ೨೦೦೭ರಲ್ಲಿ ಚಿಕ್ಕಬಳ್ಳಾಪುರವು ಪ್ರತ್ಯೇಕ ಜಿಲ್ಲೆಯಾಗುವವರೆಗೆ ಇದು ಕೋಲಾರ ಜಿಲ್ಲೆಗೆ ಸೇರಿತ್ತು. ಇಲ್ಲಿನ ನಿವಾಸಿಗಳಲ್ಲಿ ಹೆಚ್ಚಿನವರು ಷಿಯಾ ಪಂಥದ ಮುಸಲ್ಮಾನರು. ಹರಳುಗಳನ್ನು ಕೊಯ್ದು ಸಾಣೆಹಿಡಿದು ಮಾರುವ ವ್ಯಾಪಾರಕ್ಕೆ ಈ ಊರು ಹೆಸರಾದುದು. ಸುತ್ತಲೂ ಬಂಡೆಯ ಬೆಟ್ಟಗಳು, ಮಳೆ ಕಡಿಮೆ, ನಂದಿಯ ಬೆಟ್ಟಸಾಲಿನಲ್ಲಿ ಹುಟ್ಟಿ ಈ ತಾಲ್ಲೂಕಿನ ಮೂಲಕ ಹೋಗುವ ಉತ್ತರ ಪಿನಾಕಿನಿಯು ವರ್ಷದ ಬಹುಭಾಗ ಮರಳಿನ ಹಾದಿಯಾಗಿಯೇ ಇರುತ್ತದೆ. ಈ ಊರನ್ನು ನಾವು ಆರಿಸಿಕೊಂಡುದಕ್ಕೆ ಒಂದು ಕಾರಣವುಂಟು. ಇಲ್ಲಿ ಕಲ್ಲೆಂಬುದು ಉಂಗುರದ ಹರಳಾಗಿಯೂ ಪರಿಚಿತ, ಮಾಳಿಗೆಯ ಚಪ್ಪಡಿಯಾಗಿಯೂ ಪರಿಚಿತ. ಹರಳಿನ ವ್ಯಾಪಾರಿಯು ಬಣ್ಣವನ್ನೊಂದನ್ನೇ ನೋಡಿ ಕಲ್ಲನ್ನು ಕೊಳ್ಳುವುದಿಲ್ಲ. ಅದರ ಗುಣವನ್ನು ಪರೀಕ್ಷಿಸಿ ಕೊಳ್ಳುತ್ತಾನೆ. ಆ ಎಚ್ಚರವನ್ನು ನಗರವಾಸಿಗಳಾದ ನಾವು ನಮ್ಮ ಅಡಿಗೆಮನೆಗೆ ತಂದುಕೊಂಡರೆ ನಮ್ಮ ಹಣವೂ ಉಳಿಯುತ್ತದೆ, ಆರೋಗ್ಯವೂ ಉಳಿಯುತ್ತದೆ.

ಹಳೆಯದನ್ನೆಲ್ಲ ಹೊಗಳುವುದು ನಮ್ಮ ಅಭಿಪ್ರಾಯವಲ್ಲ. ಈ ಸೀಮೆಯ ಹಳೆಯ ಮನೆಗಳಲ್ಲಿ ಮಣ್ಣಿನ ಅಥವಾ ಕಲ್ಲಿನ ದಪ್ಪ ಗೋಡೆ, ಮೇಲೆ ಕಲ್ಲು ಚಪ್ಪಡಿಯ ಮಾಳಿಗೆ, ಹಿಂಭಾಗದ ಮೂಲೆಯಲ್ಲಿ ಅಡಿಗೆಮನೆ. ಕಟ್ಟಡವು ಗಟ್ಟಿ; ಆದರೆ ಒಳಗೆ ಬೆಳಕಿಲ್ಲ. ಹೊಗೆ ಹೋಗುವುದಕ್ಕೆ ಅಂಗೈ ಅಗಲದ ಒಂದು ಕಿಂಡಿ. ಒಲೆಯ ಮುಂದೆ ಕುಕ್ಕರಿಸಿ ಊದುಗೊಳವೆಯನ್ನು ಊದುತ್ತಾ ಹೆಂಗಸರು ಆಯುಸ್ಸನ್ನು ಕಳೆದರು. ಅವರ ಕಣ್ಣಿನ ನೀರನ್ನೂ ಕೆಮ್ಮನ್ನೂ ಮನೆಯವರು ಅಡಿಗೆಯ ಒಂದು ಅಂಗವೆಂದೇ ಎಣಿಸಿದರು. ೨೦೨೦ರಲ್ಲಿ ಮನೆಯೊಳಗಿನ ಹೊಗೆಯಿಂದ ಲೋಕದಲ್ಲಿ ಸುಮಾರು ೩೨ ಲಕ್ಷ ಜನರು ಅಕಾಲಮರಣಕ್ಕೆ ತುತ್ತಾದರೆಂದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು. ಇಂತಹ ಅಡಿಗೆಮನೆಯನ್ನು ಇದ್ದಂತೆಯೇ ಕಾಪಾಡುವುದು ಪೂರ್ವಿಕರಿಗೆ ತೋರುವ ಗೌರವವಲ್ಲ; ಮನೆಯ ಹೆಣ್ಣುಮಕ್ಕಳಿಗೆ ಮಾಡುವ ಅನ್ಯಾಯ.

ಇನ್ನು ಹೊಸದನ್ನು ನೋಡೋಣ. ಅಂಗಡಿಯಲ್ಲಿ ಸಿದ್ಧಪಡಿಸಿ ತಂದು ಗೋಡೆಗೆ ಜೋಡಿಸುವ ಮಾಡ್ಯುಲರ್ ಅಡಿಗೆಮನೆಯು ಈಗ ಪಟ್ಟಣಗಳನ್ನು ದಾಟಿ ಹಳ್ಳಿಗಳಿಗೂ ಬಂದಿದೆ. ನೋಡಲು ಅಂದ, ಒರೆಸಲು ಸುಲಭ, ಕೆಲಸವೂ ವಾರದೊಳಗೆ ಮುಗಿಯುತ್ತದೆ. ಆದರೆ ಆ ಪೆಟ್ಟಿಗೆಗಳಲ್ಲಿ ಅನೇಕವು ಮರದ ಹೊಟ್ಟನ್ನೋ ತೆಳುವಾದ ಹಾಳೆಗಳನ್ನೋ ಅಂಟಿನಿಂದ ಒತ್ತಿ ಮಾಡಿದವು. ನೀರು ತಗಲುವ ಅಂಚಿನಲ್ಲಿ ಅವು ಉಬ್ಬುತ್ತವೆ. ಒಮ್ಮೆ ಉಬ್ಬಿದ ಹಲಗೆಯನ್ನು ಯಾವ ಬಡಗಿಯೂ ಮೊದಲಿನಂತೆ ಮಾಡಲಾರನು. ಬಹುಮಟ್ಟಿಗೆ ಬಳಕೆಯಲ್ಲಿರುವ ಅಂಟಿನಲ್ಲಿ ಫಾರ್ಮಾಲ್ಡಿಹೈಡ್ ಎಂಬ ವಸ್ತುವುಂಟು. ಅದು ಆವಿಯಾಗಿ ನಿಧಾನವಾಗಿ ಹೊರಬೀಳುತ್ತದೆ. ಅದು ಮನುಷ್ಯರಲ್ಲಿ ಕ್ಯಾನ್ಸರ್ ರೋಗಕ್ಕೆ ಕಾರಣವಾಗಬಲ್ಲುದೆಂದು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು ೨೦೦೪ರಲ್ಲಿ ನಿರ್ಣಯಿಸಿತು. ಕಡಿಮೆ ಆವಿ ಬಿಡುವ ಹಲಗೆಗಳೂ ದೊರೆಯುತ್ತವೆ. ಕೊಳ್ಳುವುದಾದರೆ ಅದನ್ನು ಕೇಳಿ ಕೊಳ್ಳತಕ್ಕದ್ದು.

ಹಾಗಾದರೆ ಯಾವುದನ್ನು ಇಡಬೇಕು, ಯಾವುದನ್ನು ಬಿಡಬೇಕು? ಪ್ರತಿಯೊಂದು ಸಾಮಗ್ರಿಗೂ ಮೂರು ಪ್ರಶ್ನೆಗಳನ್ನು ಹಾಕಿದರೆ ಸಾಕೆಂದು ನಮಗೆ ತೋರುತ್ತದೆ. ನೀರು, ಹುಳಿ, ಬೆಂಕಿ, ಈ ಮೂರನ್ನೂ ಅದು ತಾಳುವುದೇ? ಕೆಟ್ಟಾಗ ಊರಿನ ಗಾರೆಯವನೋ ಕಲ್ಲುಕುಟಿಗನೋ ಬಡಗಿಯೋ ಅದನ್ನು ಸರಿಪಡಿಸಬಲ್ಲನೇ? ಅದನ್ನು ಮಾಡಿದವನಿಗಾಗಲಿ, ಅದರ ನಡುವೆ ದಿನವೂ ನಿಲ್ಲುವವಳಿಗಾಗಲಿ ಅದರಿಂದ ಕೇಡುಂಟೇ? ಬಾಳಿಕೆಯೆಂದರೆ ಎಂದೂ ಕೆಡದಿರುವುದಲ್ಲ. ಲೋಕದಲ್ಲಿ ಕೆಡದ ವಸ್ತುವಿಲ್ಲ. ಕೆಟ್ಟಾಗ ಕೈಗೆಟುಕುವ ವೆಚ್ಚದಲ್ಲಿ ತಿದ್ದಬಹುದಾದುದೇ ಬಾಳಿಕೆಯ ವಸ್ತು.

ಮೊದಲು ಕಲ್ಲಿನ ಮಾತು. ಅಡಿಗೆಯ ಕಟ್ಟೆಯ ಮೇಲೆ ಹಾಸುವ ಕಲ್ಲಿನಲ್ಲಿ ನಮ್ಮ ಕಡೆ ದೊರೆಯುವುವು ಮುಖ್ಯವಾಗಿ ಎರಡು ಜಾತಿ. ಒಂದು ಗ್ರಾನೈಟು, ಎಂದರೆ ನಮ್ಮ ಬೆಟ್ಟಗಳ ಬಂಡೆ. ದೇವನಹಳ್ಳಿಯ ಕಡೆಯ ಸಾದಹಳ್ಳಿಯ ಬೂದುಬಣ್ಣದ ಕಲ್ಲು ಇದಕ್ಕೆ ಉದಾಹರಣೆ. ಮತ್ತೊಂದು ಸುಣ್ಣಕಲ್ಲಿನ ಜಾತಿ. ಕಡಪದ ಕಪ್ಪು ಕಲ್ಲು, ಷಹಾಬಾದಿನ ಕಲ್ಲು ಈ ವರ್ಗಕ್ಕೆ ಸೇರಿದುವು. ಜರ್ಮನಿಯ ಮೋಸ್ ಎಂಬ ಖನಿಜಶಾಸ್ತ್ರಜ್ಞನು ೧೮೧೨ರಲ್ಲಿ ಕಲ್ಲುಗಳ ಗಡಸುತನಕ್ಕೆ ಒಂದರಿಂದ ಹತ್ತರವರೆಗೆ ಒಂದು ಕ್ರಮವನ್ನು ಏರ್ಪಡಿಸಿದನು. ಹರಳಿನವರಿಗೆಲ್ಲ ಇದು ಪರಿಚಿತವಾದುದು. ವಜ್ರಕ್ಕೆ ೧೦, ಬೆಣಚುಕಲ್ಲಿಗೆ ೭. ಗ್ರಾನೈಟಿನಲ್ಲಿರುವುದು ಬೆಣಚೂ ಅದಕ್ಕಿಂತ ಸ್ವಲ್ಪ ಮೆದುವಾದ, ೬ರ ಗಡಸಿನ ಫೆಲ್ಡ್‌ಸ್ಪಾರ್ ಎಂಬ ಖನಿಜವೂ. ಸುಣ್ಣಕಲ್ಲಿನ ಮುಖ್ಯ ಖನಿಜದ ಗಡಸು ೩ ಮಾತ್ರ. ಅಡಿಗೆಮನೆಯ ಉಕ್ಕಿನ ಚಾಕುವಿನದು ಸುಮಾರು ಐದೂವರೆ. ಆದಕಾರಣ ಚಾಕುವಿನ ಮೊನೆಯಿಂದ ಕಲ್ಲಿನ ಮೂಲೆಯನ್ನು ಗೀರಿದರೆ ಕಡಪದ ಕಲ್ಲಿನ ಮೇಲೆ ಗೀರು ಬೀಳುತ್ತದೆ. ಗ್ರಾನೈಟಿನ ಮೇಲೆ ಬೀಳುವುದಿಲ್ಲ.

ಗಡಸುತನಕ್ಕಿಂತಲೂ ಮುಖ್ಯವಾದುದು ಹುಳಿ. ನಮ್ಮ ಅಡಿಗೆಯಲ್ಲಿ ಹುಣಸೆಹಣ್ಣು, ನಿಂಬೆ, ಮಜ್ಜಿಗೆ ಇಲ್ಲದ ದಿನವೇ ಇಲ್ಲ. ಹುಳಿಯು ಸುಣ್ಣಕಲ್ಲನ್ನೂ ಅಮೃತಶಿಲೆಯನ್ನೂ ಕರಗಿಸುತ್ತದೆ. ಹೊಳಪು ಹೋಗಿ ಮಬ್ಬಾದ ಕಲೆಗಳು ನಿಲ್ಲುತ್ತವೆ. ಗ್ರಾನೈಟು ಇದಕ್ಕೆ ಜಗ್ಗದು. ಆದ್ದರಿಂದ ಕಟ್ಟೆಗೆ ಗ್ರಾನೈಟು, ಹುಳಿ ತಗಲದ ಗೂಡುಗಳ ಹಲಗೆಗೆ ಕಡಪದ ಕಲ್ಲು, ಹೀಗೆ ಹಂಚಿಕೊಂಡರೆ ಎರಡೂ ತಲೆಮಾರುಗಳ ಕಾಲ ಬರುತ್ತವೆ. ಕಚ್ಚಾ ಕಪ್ಪಿಗೆ ಬಣ್ಣ ಕಟ್ಟಿ ಮಾರುವುದೂ ಉಂಟು. ಉಗುರುಬಣ್ಣ ತೆಗೆಯುವ ದ್ರವದಲ್ಲಿ ಬಿಳಿಯ ಬಟ್ಟೆಯನ್ನು ಅದ್ದಿ ಉಜ್ಜಿದರೆ ಬಣ್ಣ ಬಟ್ಟೆಗೆ ಬರುತ್ತದೆ. ಎಣ್ಣೆಯ ಒಂದು ತೊಟ್ಟನ್ನು ಹಾಕಿ ಗಳಿಗೆ ಬಿಟ್ಟು ಒರೆಸಿದರೆ, ಕಲೆ ಉಳಿಯುವ ಕಲ್ಲು ಎಣ್ಣೆ ಹೀರುವ ಕಲ್ಲೆಂದು ತಿಳಿಯಬಹುದು. ಇವೆಲ್ಲ ಅಂಗಡಿಯಲ್ಲಿಯೇ ಮಾಡತಕ್ಕ ಪರೀಕ್ಷೆಗಳು. ಮನೆಗೆ ತಂದು ಕೂಡಿಸಿದ ಮೇಲೆ ಮಾಡಿ ಫಲವಿಲ್ಲ.

ಆದರೆ ಇಷ್ಟು ಗಟ್ಟಿಯಾದ ಬಂಡೆಗೂ ಒಂದು ಶತ್ರುವುಂಟು, ಅದು ಬೆಂಕಿ. ಬಂಡೆಯ ಮೇಲೆ ಸೌದೆಯನ್ನು ಉರಿಸಿ, ಕಾವಿನಿಂದ ಪದರವು ಬಿಡುವಂತೆ ಮಾಡಿ ಚಪ್ಪಡಿಗಳನ್ನು ಎಬ್ಬಿಸುವುದು ನಮ್ಮ ಸೀಮೆಯ ಕಲ್ಲುಕುಟಿಗರ ಹಳೆಯ ವಿದ್ಯೆ. ಕಲ್ಲಿನೊಳಗಿನ ಬೆಣಚು ಕಾದಾಗ ಹಿಗ್ಗುವುದೇ ಇದಕ್ಕೆ ಕಾರಣ. ಆದ್ದರಿಂದ ಸೌದೆಯ ಒಲೆಯನ್ನು ಬರಿಯ ಕಲ್ಲಿನಿಂದ ಕಟ್ಟಲಾಗದು. ಉರಿ ತಾಕುವ ಕಡೆಯಲ್ಲೆಲ್ಲ ಮಣ್ಣೋ ಇಟ್ಟಿಗೆಯೋ ಇರಬೇಕು. ಕೆಂಪಗೆ ಕಾದ ಬಾಣಲೆಯನ್ನು ನಯವಾದ ಕಟ್ಟೆಯ ಮೇಲೆ ಕುಕ್ಕುವುದೂ ಒಳ್ಳೆಯದಲ್ಲ.

ಎರಡನೆಯದು ಗೋಡೆ. ಹಳೆಯ ಮನೆಯ ಮಣ್ಣಿನ ಗೋಡೆಗೆ ಸಿಮೆಂಟಿನ ಗಿಲಾವು ಮಾಡಿಸುವುದು ಈಗ ಎಲ್ಲೆಲ್ಲಿಯೂ ನಡೆಯುತ್ತಿದೆ. ಮೂರು ನಾಲ್ಕು ಮಳೆಗಾಲಗಳಲ್ಲಿ ಅದು ಹಪ್ಪಳದಂತೆ ಎದ್ದು ಬರುತ್ತದೆ. ಇದಕ್ಕೆ ಗಾರೆಯವನನ್ನು ದೂರುವುದು ಸರಿಯಲ್ಲ. ಮಣ್ಣಿನ ಗೋಡೆಯು ನೆಲದಿಂದ ತೇವವನ್ನು ಏರಿಸಿಕೊಂಡು ಗಾಳಿಗೆ ಬಿಡುತ್ತಿರುತ್ತದೆ. ಸಿಮೆಂಟು ಆ ದಾರಿಯನ್ನು ಮುಚ್ಚುತ್ತದೆ. ಒಳಗೆ ನಿಂತ ತೇವವು ಗಿಲಾವನ್ನೂ ಕೆಡಿಸುತ್ತದೆ, ಗೋಡೆಯನ್ನೂ ಕರಗಿಸುತ್ತದೆ. ಸುಣ್ಣದ ಗಾರೆಯು ಹಾಗಲ್ಲ. ತೇವವನ್ನು ಹೊರಗೆ ಬಿಡುತ್ತದೆ. ಸುಣ್ಣಕಲ್ಲನ್ನು ಸುಮಾರು ೯೦೦ ಡಿಗ್ರಿ ಸೆಂಟಿಗ್ರೇಡಿನಲ್ಲಿ ಸುಟ್ಟರೆ ಸುಣ್ಣವಾಗುತ್ತದೆ. ಸಿಮೆಂಟಿಗೆ ಸುಮಾರು ೧,೪೫೦ ಡಿಗ್ರಿ ಬೇಕು. ಸುಟ್ಟಾಗ ಬಿಟ್ಟ ಅಂಗಾರಾಮ್ಲವಾಯುವಿನ ಬಹುಭಾಗವನ್ನು ಸುಣ್ಣವು ಗೋಡೆಯ ಮೇಲೆ ಮತ್ತೆ ಹೀರಿಕೊಂಡು ಕ್ರಮಕ್ರಮವಾಗಿ ಕಲ್ಲಾಗುತ್ತದೆ. ಅದರ ಕ್ಷಾರಗುಣದಿಂದ ಬೂಷ್ಟು ಹಿಡಿಯುವುದೂ ಕಡಿಮೆ.

ಸುಣ್ಣವು ಬಲಹೀನವೆಂದು ಹೇಳುವವರಿಗೆ ನಾವು ಒಂದು ಕಟ್ಟಡವನ್ನು ತೋರಿಸಬಹುದು. ೧೯೧೧ರಲ್ಲಿ ಆರಂಭವಾಗಿ ೧೯೩೦ರ ದಶಕದ ಮೊದಲಲ್ಲಿ ಮುಗಿದ ಕೃಷ್ಣರಾಜಸಾಗರದ ಅಣೆಕಟ್ಟಿನ ಕಲ್ಲುಗಳನ್ನು ಬಂಧಿಸಿರುವುದು ಸುಣ್ಣಕ್ಕೆ ಇಟ್ಟಿಗೆಯ ಪುಡಿಯನ್ನು ಬೆರೆಸಿ ಅರೆದ ಸುರಕಿಯ ಗಾರೆ. ಆ ಕೆಲಸ ಆರಂಭವಾದಾಗ ಮುಖ್ಯ ಎಂಜಿನಿಯರಾಗಿದ್ದ ವಿಶ್ವೇಶ್ವರಯ್ಯನವರು ಅಲೀಪುರವಿರುವ ಈ ಜಿಲ್ಲೆಯವರೇ, ಮುದ್ದೇನಹಳ್ಳಿಯವರು. ಕಾವೇರಿಯನ್ನು ತಡೆದು ನಿಲ್ಲಿಸಿರುವ ಗಾರೆಯು ನಮ್ಮ ಪಾತ್ರೆ ತೊಳೆಯುವ ತೊಟ್ಟಿಯ ಗೋಡೆಯನ್ನು ನಿಲ್ಲಿಸಲಾರದೆಂದು ಹೇಗೆ ಹೇಳುವುದು?

ಆದರೆ ಸುಣ್ಣವು ಅವಸರವನ್ನು ಸಹಿಸುವುದಿಲ್ಲ. ನೀರಿನಲ್ಲಿ ಅರಳಿಸಿದ ಸುಣ್ಣವನ್ನು ಎರಡು ಮೂರು ವಾರಗಳಾದರೂ ನೆನೆಯಬಿಡಬೇಕು. ಒಂದು ಪಾಲು ಸುಣ್ಣಕ್ಕೆ ಮೂರು ಪಾಲು ಮರಳು ಅಥವಾ ಮರಳು ಸುರಕಿಗಳ ಮಿಶ್ರಣ. ತೆಳುವಾದ ಎರಡು ಮೂರು ವರಸೆ. ಪ್ರತಿ ವರಸೆಯೂ ಬಿಸಿಲಿಗೆ ಬಿರಿಯದಂತೆ ಹಲವು ದಿನ ತೇವ. ಸುಣ್ಣವು ಚರ್ಮವನ್ನೂ ಕಣ್ಣನ್ನೂ ಸುಡತಕ್ಕದ್ದಾದ್ದರಿಂದ ಕೆಲಸದವರಿಗೆ ಕೈಚೀಲ, ಕನ್ನಡಕಗಳನ್ನು ಮನೆಯವರೇ ಒದಗಿಸಬೇಕು. ಮೇಲೆ ಪ್ಲಾಸ್ಟಿಕ್ಕಿನ ಬಣ್ಣವನ್ನು ಬಳಿದರೆ ಪಟ್ಟ ಶ್ರಮವೆಲ್ಲ ವ್ಯರ್ಥ. ಸುಣ್ಣದ ಗೋಡೆಗೆ ಸುಣ್ಣವೇ ಬಣ್ಣ. ಒಲೆಯ ಹಿಂದೆಯೂ ತೊಟ್ಟಿಯ ಹಿಂದೆಯೂ ಎರಡಡಿ ಎತ್ತರಕ್ಕೆ ಕಲ್ಲಿನ ಹಲಗೆಯನ್ನು ನಿಲ್ಲಿಸಿದರೆ ಜಿಡ್ಡೂ ನೀರೂ ಗಾರೆಯನ್ನು ತಲುಪುವುದಿಲ್ಲ.

ಮೂರನೆಯದು ನೆಲ. ಹಳೆಯ ಚಪ್ಪಡಿಗಳಿದ್ದರೆ ದಯವಿಟ್ಟು ಅವನ್ನು ಹೊರಗೆ ಹಾಕಬೇಡಿ. ಸವೆದ ಮುಖವನ್ನು ಕೆಳಗೆ ಮಾಡಿ, ಮೇಲಿನ ಮುಖವನ್ನು ಉಳಿಯಿಂದ ತಟ್ಟಿಸಿ, ಸಂದುಗಳಿಗೆ ಗಾರೆ ತುಂಬಿದರೆ ಹೊಸ ನೆಲವಾಗುತ್ತದೆ. ಕನ್ನಡಿಯಂತೆ ನಯಮಾಡಿಸುವುದು ಬೇಡ. ಒದ್ದೆಯ ನೆಲದಲ್ಲಿ ಜಾರಿ ಸೊಂಟ ಮುರಿದುಕೊಂಡ ವೃದ್ಧರನ್ನು ಎಲ್ಲರೂ ಕಂಡಿದ್ದೇವೆ. ನೀರು ಮೋರಿಯ ಕಡೆಗೆ ಹರಿಯಲು ಐದಾರು ಅಡಿಗೆ ಒಂದು ಅಂಗುಲದ ಇಳಿಜಾರು ಇರಲಿ. ಗೂಡುಗಳಿಗೆ ಕಲ್ಲಿನ ಹಲಗೆ, ಮುಂದೆ ಮರದ ಬಾಗಿಲು. ಮನೆ ಕೆಡವಿದಲ್ಲಿ ದೊರೆಯುವ ಹಳೆಯ ತೇಗ, ಹೊನ್ನೆ, ಹಲಸಿನ ತೊಲೆಗಳನ್ನು ಕೊಯ್ಯಿಸಿದರೆ ಹೊಸ ಮರಕ್ಕಿಂತ ಚೆನ್ನಾಗಿ ಒಣಗಿದ ಹಲಗೆ ಸಿಗುತ್ತದೆ. ಮರವು ನೆಲವನ್ನು ಮಾತ್ರ ಮುಟ್ಟಕೂಡದು. ಮುಟ್ಟಿದರೆ ಗೆದ್ದಲಿಗೆ ಏಣಿ ಹಾಕಿಕೊಟ್ಟಂತೆ.

ಸಾಮಗ್ರಿಗಳ ಮಾತು ಇಷ್ಟಾಯಿತು. ಆದರೆ ಹೊಗೆ, ಬೆಳಕು, ನೀರು, ಇವುಗಳ ವ್ಯವಸ್ಥೆಯಿಲ್ಲದೆ ಅತ್ಯುತ್ತಮವಾದ ಕಲ್ಲನ್ನು ಹಾಸಿದರೂ ಅದು ಜೀರ್ಣೋದ್ಧಾರವಲ್ಲ, ಅಲಂಕಾರ. ೨೦೧೬ರಲ್ಲಿ ಆರಂಭವಾದ ಉಜ್ವಲ ಯೋಜನೆಯ ತರುವಾಯ ಬಡವರ ಮನೆಗಳಿಗೂ ಅಡಿಗೆಯ ಅನಿಲವು ಬಂದಿದೆ. ಹಾಗಿದ್ದರೂ ಸ್ನಾನದ ನೀರಿಗೆ, ರೊಟ್ಟಿಗೆ, ಹಬ್ಬದ ದೊಡ್ಡ ಅಡಿಗೆಗೆ ಸೌದೆಯ ಒಲೆ ಅನೇಕ ಕಡೆ ಉಳಿದಿದೆ. ಅಲೀಪುರದಂತಹ ಊರಿನಲ್ಲಿ ಮೊಹರಂ ದಿನಗಳು ಬಂದರೆ ನೆಂಟರಿಷ್ಟರಿಂದ ಮನೆ ತುಂಬುತ್ತದೆ. ನಾಲ್ಕು ಜನರ ಅಡಿಗೆಯ ಲೆಕ್ಕ ಅಲ್ಲಿ ನಡೆಯದು. ಅಂತಹ ಒಲೆಯನ್ನು ಹಿತ್ತಿಲಿನಲ್ಲಿ, ಪ್ರತ್ಯೇಕವಾದ ಮಾಡಿನ ಕೆಳಗೆ ಹೊಗೆಗೊಳವಿಯೊಡನೆ ಕಟ್ಟುವುದು ಲೇಸು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ೧೯೭೪ರಲ್ಲಿ ಹುಟ್ಟಿದ ಅಸ್ತ್ರ ಎಂಬ ವಿಭಾಗದವರು ಮಣ್ಣಿನಿಂದಲೇ ಕಟ್ಟಬಹುದಾದ, ಸೌದೆ ಉಳಿಸುವ, ಹೊಗೆಯನ್ನು ಕೊಳವಿಯಿಂದ ಹೊರಕ್ಕೆ ಒಯ್ಯುವ ಅಸ್ತ್ರ ಒಲೆಯನ್ನು ರೂಪಿಸಿದರು. ಊರಿನ ಮಣ್ಣಿಗೆ ವಿಜ್ಞಾನಿಯ ಬುದ್ಧಿ ಸೇರಿದರೆ ಏನಾಗಬಹುದೆಂಬುದಕ್ಕೆ ಅದೊಂದು ನಿದರ್ಶನ.

ಹೊಗೆಯು ಮೇಲಕ್ಕೇರುತ್ತದೆ, ಅದಕ್ಕೆ ಗೋಡೆಯ ಮೇಲ್ಭಾಗದಲ್ಲಿ ದೊಡ್ಡ ಬೆಳಕಿಂಡಿ ಬೇಕು. ಸಿಲಿಂಡರಿನ ಅನಿಲವು ಗಾಳಿಗಿಂತ ಭಾರವಾದುದು; ಸೋರಿದರೆ ನೆಲದ ಮೇಲೆ ಹರಡುತ್ತದೆ. ಅದಕ್ಕೆ ನೆಲದ ಮಟ್ಟದಲ್ಲಿ, ಹೊರಗೆ ತೆರೆಯುವ ಇನ್ನೊಂದು ಕಿಂಡಿ ಬೇಕು. ಈ ಎರಡು ಕಿಂಡಿಗಳನ್ನು ಕೊರೆಯಿಸುವ ವೆಚ್ಚವು ಕಟ್ಟೆಯ ಕಲ್ಲಿನ ಬೆಲೆಯ ಮುಂದೆ ಅತ್ಯಲ್ಪ. ಪ್ರಯೋಜನವೋ, ಜೀವಗಳನ್ನು ಉಳಿಸುವಷ್ಟು.

ನೀರಿನ ವಿಷಯದಲ್ಲಿಯೂ ಒಂದು ಮಾತು. ಚಿಕ್ಕಬಳ್ಳಾಪುರ ಜಿಲ್ಲೆಯ ಅನೇಕ ಕೊಳವೆಬಾವಿಗಳ ನೀರಿನಲ್ಲಿ ಲೀಟರಿಗೆ ಒಂದೂವರೆ ಮಿಲಿಗ್ರಾಂ ಎಂಬ ಮಿತಿಯನ್ನು ಮೀರಿದ ಫ್ಲೋರೈಡು ಕಂಡುಬಂದಿದೆ. ಕುದಿಸಿದರೆ ಅದು ಹೋಗುವುದಿಲ್ಲ. ನೀರು ಇಂಗಿದಷ್ಟೂ ಗಾಢವಾಗುತ್ತದೆ. ಅಡಿಗೆಮನೆಯನ್ನು ಸರಿಪಡಿಸುವಾಗಲೇ ಮಾಳಿಗೆಯ ಮಳೆನೀರನ್ನು ಸೋಸಿ ಒಂದು ತೊಟ್ಟಿಗೆ ಇಳಿಸುವ ಏರ್ಪಾಡನ್ನು ಮಾಡಿಕೊಳ್ಳಬಹುದು. ವರ್ಷಕ್ಕೆ ೭೦೦ ಮಿಲಿಮೀಟರ್ ಮಳೆ ಬಂದರೆ ೧೦೦ ಚದರ ಅಡಿಯ ಮಾಳಿಗೆಯ ಮೇಲೆ ಬೀಳುವ ನೀರು ಸುಮಾರು ೬,೫೦೦ ಲೀಟರು. ಅದರಲ್ಲಿ ಮುಕ್ಕಾಲು ಪಾಲನ್ನು ಹಿಡಿದರೂ ಸಣ್ಣ ಸಂಸಾರದ ಕುಡಿಯುವ ನೀರಿಗೆ ಬಲು ದಿನ ಆಧಾರವಾದೀತು.

ಇನ್ನು ಕಲ್ಲು ಕೊಯ್ಯುವವನನ್ನು ನಾವು ಮರೆಯಲಾಗದು. ಕಲ್ಲನ್ನು ಒಣಗಿದಂತೆಯೇ ಯಂತ್ರದಿಂದ ಕೊಯ್ದಾಗ ಏಳುವ ಧೂಳಿನಲ್ಲಿ ಬೆಣಚಿನ ಸೂಕ್ಷ್ಮಕಣಗಳಿರುತ್ತವೆ. ಅವು ಶ್ವಾಸಕೋಶದಲ್ಲಿ ನಿಂತು ಸಿಲಿಕೋಸಿಸ್ ಎಂಬ, ಔಷಧದಿಂದ ವಾಸಿಯಾಗದ ರೋಗವನ್ನು ತರುತ್ತವೆ. ಬೆಣಚಿನ ಪುಡಿಯನ್ನು ರಾಳದಲ್ಲಿ ಕಲಸಿ ಮಾಡುವ ಕೃತಕಶಿಲೆಯಲ್ಲಿ ಬೆಣಚಿನ ಪಾಲು ನೂರಕ್ಕೆ ತೊಂಬತ್ತನ್ನೂ ಮೀರುವುದುಂಟು. ಅದನ್ನು ಕೊಯ್ಯುವ ಯುವಕರು ರೋಗಕ್ಕೆ ತುತ್ತಾದುದರಿಂದ ಆಸ್ಟ್ರೇಲಿಯಾ ದೇಶವು ೨೦೨೪ರ ಜುಲೈ ೧ರಿಂದ ಅದನ್ನು ನಿಷೇಧಿಸಿತು. ನಮ್ಮ ಗ್ರಾನೈಟಿನಲ್ಲಿ ಬೆಣಚು ಅದಕ್ಕಿಂತ ಬಹಳ ಕಡಿಮೆಯಾದರೂ ಇಲ್ಲದಿಲ್ಲ. ಹರಳು ಸಾಣೆಯ ಚಕ್ರಕ್ಕೆ ನೀರು ಬಿಡುವ ಪದ್ಧತಿಯುಂಟು; ಅದೇ ಕ್ರಮವನ್ನು ಚಪ್ಪಡಿಗೂ ಅನುಸರಿಸಬೇಕು. ನೀರು ಬಿಟ್ಟು ಕೊಯ್ಯಲಿ, ಬಯಲಿನಲ್ಲಿ ಕೊಯ್ಯಲಿ, ಮೂಗಿಗೆ ತಕ್ಕ ಕವಚವಿರಲಿ. ಮನೆಯ ಯಜಮಾನನು ಹಣ ಕೊಡುವ ಮೊದಲು ಈ ಷರತ್ತನ್ನು ಹಾಕಿದರೆ ಕೆಲಸ ನಡೆಯದೆ ಹೋಗುವುದಿಲ್ಲ. ನಮ್ಮ ಮನೆ ಬೆಳಗುವುದಕ್ಕಾಗಿ ಇನ್ನೊಬ್ಬನ ಉಸಿರು ಕುಗ್ಗಬೇಕೆಂಬ ನ್ಯಾಯವೆಲ್ಲಿಯದು?

ಕೊನೆಯದಾಗಿ, ಅಡಿಗೆಮನೆಯ ನಕ್ಷೆಯನ್ನು ಬರೆಯುವ ಮೊದಲು ಅಲ್ಲಿ ಕೆಲಸ ಮಾಡುವವರನ್ನು ಕೇಳಬೇಕು. ಕಲ್ಲಿನ ಬಣ್ಣಕ್ಕೆ ನಾಲ್ಕು ಅಂಗಡಿ ತಿರುಗುವ ನಾವು, ಕಟ್ಟೆಯು ಎಷ್ಟೆತ್ತರವಿರಬೇಕೆಂದು ಮನೆಯಾಕೆಯನ್ನು ಒಮ್ಮೆ ಕೇಳುವುದಿಲ್ಲ. ಆಕೆ ನೆಟ್ಟಗೆ ನಿಂತು ತೋಳನ್ನು ಮಡಿಸಿದಾಗ ಮೊಳಕೈ ಎಲ್ಲಿಗೆ ಬರುವುದೋ ಅದಕ್ಕಿಂತ ಮೂರು ನಾಲ್ಕು ಅಂಗುಲ ಕೆಳಗೆ ಕಟ್ಟೆಯಿದ್ದರೆ ಬೆನ್ನು ಬಾಗದು, ಹೆಗಲು ಏರದು. ಹಿಟ್ಟು ನಾದುವ ಜಾಗವು ಇನ್ನೂ ತುಸು ತಗ್ಗಿರಲಿ. ಅತ್ತೆಯವರು ಕುಳಿತು ತರಕಾರಿ ಹೆಚ್ಚುವವರಾದರೆ ಕಿಟಕಿಯ ಬಳಿ ಅವರಿಗೊಂದು ಜಗುಲಿ ಇರಲಿ. ಕಲ್ಲು ನೂರು ವರ್ಷ ಬಾಳುವುದು ನಿಜ; ಆದರೆ ತಪ್ಪಾದ ಎತ್ತರದಲ್ಲಿ ಕೂಡಿಸಿದರೆ ಆ ನೂರು ವರ್ಷವೂ ಬೆನ್ನುನೋವು ಬಾಳುತ್ತದೆ.

ಕೈಯಲ್ಲಿ ಹಣ ಸ್ವಲ್ಪವೇ ಇದ್ದರೆ ಕೆಲಸವನ್ನು ಹೀಗೆ ಕ್ರಮಪಡಿಸಬಹುದು. ಮೊದಲ ವರ್ಷ ಕಿಂಡಿ, ಹೊಗೆಗೊಳವಿ, ಮೋರಿ. ಎರಡನೆಯ ವರ್ಷ ಗೋಡೆಯ ಗಾರೆ. ಮೂರನೆಯ ವರ್ಷ ಕಟ್ಟೆ ಮತ್ತು ನೆಲ. ಗೂಡಿನ ಬಾಗಿಲುಗಳು ಅನುಕೂಲವಾದಾಗ. ಹೀಗೆ ಕಂತಿನಲ್ಲಿ ಮಾಡಬಹುದಾಗಿರುವುದೇ ಈ ಸಾಮಗ್ರಿಗಳ ದೊಡ್ಡ ಗುಣ. ಅಡಿಗೆಮನೆಯನ್ನು ನೋಡುವವರಿಗಾಗಿ ಕಟ್ಟದೆ ಅದರಲ್ಲಿ ದುಡಿಯುವವರಿಗಾಗಿ ಕಟ್ಟಿದರೆ, ಮುಂದಿನ ತಲೆಮಾರಿನವರು ಅದನ್ನು ಒಡೆಯುವುದಿಲ್ಲ, ತಿದ್ದಿಕೊಳ್ಳುತ್ತಾರೆ. ಅಷ್ಟಾದರೆ ನಾವು ಮಾಡಿದ ವೆಚ್ಚವು ಸಾರ್ಥಕವಾಯಿತೆಂದು ತಿಳಿಯಬಹುದು.